ತಟ್ಟೆಯ ನಡುವೆ ಇಟ್ಟ ಡಯೋಡು

ಕುಡಚಿ ಸ್ಟೇಶನ್ನಿನಿಂದ ಊರೊಳಗೆ ಹೋಗುವ ರಸ್ತೆಯಲ್ಲಿ, ಸೈಕಲ್ ಅಂಗಡಿಗೂ ಕಟಿಂಗ್ ಅಂಗಡಿಗೂ ನಡುವೆ, ಆರು ಅಡಿ ಅಗಲದ ಒಂದು ರಿಪೇರಿ ಅಂಗಡಿ ಇದೆ. ಬೋರ್ಡಿನ ಮೇಲಿರುವುದು ರಾಜೇಸಾಬ ಎಂಬ ಹೆಸರು. ಒಳಗೆ ಕೂತು ಕೆಲಸ ಮಾಡುವವರು ಅವರ ಹೆಂಡತಿ ಮೈಮುನಾ. ಇದು ಮೈಮುನಾ ಅವರ ಕಥೆ. ಹೇಳುತ್ತಿರುವ ನಾನು ವೃಷಭ, ರಾಯಬಾಗದ ಒಂದು ಖಾಸಗಿ ತರಬೇತಿ ಸಂಸ್ಥೆಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವ ಮಾಸ್ತರ. ಅವರ ಕಥೆಯಲ್ಲಿ ನನ್ನ ಪಾಲೂ ಇದೆ. ಅದು ನಾಲ್ಕು ಜನರ ಮುಂದೆ ಹೇಳಿಕೊಳ್ಳುವಂಥದ್ದಲ್ಲ, ಆದರೂ ಹೇಳುತ್ತೇನೆ.

ಮೈಮುನಾ ಹುಟ್ಟಿದ್ದು ಅಥಣಿ ತಾಲೂಕಿನ ತೆಲಸಂಗದಲ್ಲಿ. ತಂದೆ ಹತ್ತಿ ಹಿಂಜಿ ಗಾದಿ ತುಂಬುವವರು. ಏಳನೇ ಇಯತ್ತೆ ಮುಗಿದ ಮೇಲೆ ಮಗಳು ತಂದೆಯ ಜೊತೆ ಗಾದಿ ಹೊಲಿದಳು, ಹತ್ತೊಂಬತ್ತಕ್ಕೆ ಮದುವೆಯಾಗಿ ಕುಡಚಿಗೆ ಬಂದಳು. ರಾಜೇಸಾಬ ಆಗ ರೇಡಿಯೋ, ಟೇಪು, ಟಿವಿ ರಿಪೇರಿಯಲ್ಲಿ ಹೆಸರು ಮಾಡಿದವರು. ಕೃಷ್ಣೆಯ ದಂಡೆಗುಂಟ ಯಾವ ಊರಿನ ಮೈಕು ಕೆಟ್ಟರೂ ಅವರ ಅಂಗಡಿಗೇ ಬರುತ್ತಿತ್ತು. ಹನ್ನೆರಡು ವರ್ಷದ ಹಿಂದೆ ಅವರ ಕೈ ನಡುಗತೊಡಗಿತು. ಮಿರಜಿನ ಡಾಕ್ಟರು ಗುಳಿಗೆ ಕೊಟ್ಟರು, ನಡುಕ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಕಾಸಿದ ಸೀಸ ಒಂದು ಕಡೆ ಬೀಳಬೇಕಾದದ್ದು ಇನ್ನೊಂದು ಕಡೆ ಬೀಳುತ್ತಿತ್ತು.

"ನೀವು ಬಾಯಿಲೆ ಹೇಳ್ರಿ, ನಾನು ಕೈಲೆ ಹಚ್ಚತೇನಿ" ಅಂದರಂತೆ ಮೈಮುನಾ.

ಹಾಗೆ ಎರಡು ವರ್ಷ ಅವರು ಗಂಡನ ಕೈಯಾಗಿ ಕೆಲಸ ಮಾಡಿದರು. ಆಮೇಲೆ ಕೇಳುವುದು ಕಡಿಮೆಯಾಗುತ್ತ ಹೋಯಿತು. ರೆಸಿಸ್ಟರಿನ ಮೇಲಿನ ಬಣ್ಣದ ಪಟ್ಟಿಗಳನ್ನು ಬಳೆ ಎಣಿಸಿದಂತೆ ಓದುವುದನ್ನು ಕಲಿತರು. ಕೆಟ್ಟ ಮಿಕ್ಸರು, ಪಂಪಿನ ಸ್ಟಾರ್ಟರು, ಭಜನೆಯವರ ಆಂಪ್ಲಿಫೈಯರು, ಎಲ್ಲವೂ ಅವರ ಮುಂದೆ ಬಂದು ಕೂತವು. ಅವರ ಕೆಲಸದ ರೀತಿಯೇ ಬೇರೆ. ಮೈಕು ಬಂದ್ ಬಿದ್ದರೆ ನಾವೆಲ್ಲ ಹಾರಿ ಹೋಗಿ ಹಿಡಿಯುವುದು ಅದರೊಳಗಿನ ದೊಡ್ಡ ಐಸಿಯನ್ನು, ಟ್ರಾನ್ಸಿಸ್ಟರನ್ನು. ಮೈಮುನಾ ಮೊದಲು ನೋಡುವುದು ಮೂರು ರೂಪಾಯಿಯ ರೆಸಿಸ್ಟರು, ಹತ್ತು ರೂಪಾಯಿಯ ಕಂಡೆನ್ಸರು. "ಬಡವರನ್ನ ಮೊದಲ ಮಾತಾಡಸಬೇಕ್ರಿ" ಅನ್ನುತ್ತಾರೆ. ಹತ್ತರಲ್ಲಿ ಏಳು ಸಲ ತಪ್ಪು ಅಲ್ಲೇ ಸಿಗುತ್ತದೆ.

ಇನ್ನೊಂದು ರೂಢಿ. ಯಾವ ಡಬ್ಬಿ ಬಿಚ್ಚಿದರೂ ಮುಟ್ಟುವ ಮೊದಲು ಎರಡು ವೈರು ಕಟ್ಟಿದ ಒಂದು ಬಲ್ಬನ್ನು ದೊಡ್ಡ ಕಂಡೆನ್ಸರಿನ ಕಾಲುಗಳಿಗೆ ಹಿಡಿಯುತ್ತಾರೆ. ಪ್ಲಗ್ಗು ಕಿತ್ತಿಟ್ಟಿದ್ದರೂ ಬಲ್ಬು ಒಂದು ಕ್ಷಣ ಹತ್ತಿ ಆರುತ್ತದೆ. ಒಳಗೆ ಉಳಿದ ಕರೆಂಟು ಹಾಗೆ ಖಾಲಿಯಾದ ಮೇಲೆಯೇ ಅವರ ಬೆರಳು ಒಳಗೆ ಹೋಗುವುದು.

ಎರಡು ವರ್ಷದ ಹಿಂದೆ ನಮ್ಮ ಸಂಸ್ಥೆಯಲ್ಲಿ ಲ್ಯಾಬ್ ಸಹಾಯಕರ ಜಾಗ ಖಾಲಿಯಾಯಿತು. ಕೆಲಸ ಗೊತ್ತಿದ್ದೂ ಕಾಗದ ಇಲ್ಲದವರಿಗೆ ಅಂತ ನಮ್ಮಲ್ಲೇ ಮೂರು ತಿಂಗಳ ಐತವಾರದ ಕೋರ್ಸು ನಡೆಯುತ್ತಿತ್ತು. ಅದರ ಸರ್ಟಿಫಿಕೇಟು ಇದ್ದವರು ಅರ್ಜಿ ಹಾಕಬಹುದು ಅಂತ ಪ್ರಿನ್ಸಿಪಾಲರು ನೋಟಿಸು ಹಚ್ಚಿದರು. ಮೈಮುನಾ ಪ್ಯಾಸೆಂಜರ್ ಗಾಡಿ ಹತ್ತಿ ಬಂದು ಹೆಸರು ಹಚ್ಚಿದರು. ಆಗ ಅವರಿಗೆ ನಲವತ್ತಾರು. ಉಳಿದ ಇಪ್ಪತ್ತೆರಡು ಮಂದಿಯಲ್ಲಿ ಮೀಸೆ ಪೂರ್ತಿ ಬಂದವರು ಅರ್ಧ. ತಿಂಗಳ ಪಗಾರದ ಕೆಲಸ, ಊರ ಜನ ಗುರುತಿಸುವ ಕೆಲಸ. ಅದಕ್ಕಿಂತ ಹೆಚ್ಚಾಗಿ, ತಾನು ಕಲಿತದ್ದು ಖರೆಯೋ ಸುಳ್ಳೋ ಅಂತ ಯಾರಾದರೂ ತಿಳಿದವರು ಹೇಳಲಿ ಅನ್ನುವ ಆಸೆ ಅವರಿಗಿತ್ತು. ಆ ತಿಳಿದವನು ನಾನು. ಅವರ ದುರ್ದೈವ.

ಮೂರನೇ ಐತವಾರ ಬೋರ್ಡಿನ ನಡುವೆ ಗೆರೆ ಎಳೆದು ಒಂದು ಕಡೆ ಆಕ್ಟಿವ್, ಇನ್ನೊಂದು ಕಡೆ ಪ್ಯಾಸಿವ್ ಅಂತ ಬರೆದೆ. ಟ್ರಾನ್ಸಿಸ್ಟರು, ಐಸಿ ಆಕ್ಟಿವ್. ರೆಸಿಸ್ಟರು, ಕಂಡೆನ್ಸರು, ಕಾಯಿಲು ಪ್ಯಾಸಿವ್. "ಆಕ್ಟಿವ್ ಅಂದ್ರ ಕೆಲಸ ಮಾಡೂವು, ಪ್ಯಾಸಿವ್ ಅಂದ್ರ ಸುಮ್ಮನ ಕುಂಡ್ರೂವು" ಅಂದೆ. ಗೈಡಿನಲ್ಲಿ ಇನ್ನೂ ಎರಡು ಸಾಲು ಇದ್ದವು. ಅವು ನನಗೇ ಅರ್ಥವಾಗಿರಲಿಲ್ಲ, ಬಿಟ್ಟೆ.

ಮೈಮುನಾ ಕೈ ಎತ್ತಿದರು. "ಸರ್, ಕರೆಂಟ್ ತಗದ ಮ್ಯಾಲೂ ಕಂಡೆನ್ಸರ್ ಬಲ್ಬ್ ಹಚ್ಚತೈತ್ರಿ. ನಾ ದಿನಾ ನೋಡತೇನಿ. ಕೆಲಸ ಮಾಡಿದಂಗ ಆತಲ್ರಿ? ಅದನ್ನ ಆ ಕಡೆ ಯಾಕ ಇಡಬಾರದ್ರಿ?"

ಒಳ್ಳೆಯ ಪ್ರಶ್ನೆ. ಉತ್ತರ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂದಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಡಿಪ್ಲೊಮಾವನ್ನು ಗೈಡು ಬಾಯಿಪಾಠ ಮಾಡಿ ಪಾಸಾದವನಿಗೆ ಒಂದು ಹೆದರಿಕೆ ಸದಾ ಇರುತ್ತದೆ. ಯಾರೋ ಒಂದು ದಿನ ಕೆಳಗಿನಿಂದ ಎದ್ದು ನಿಂತು, ಇವನಿಗೆ ಏನೂ ಬರುವುದಿಲ್ಲ ಅಂದುಬಿಡುತ್ತಾರೆ ಅನ್ನುವ ಹೆದರಿಕೆ. ಅದು ಬಾಯಿಗೆ ಬಂದಾಗ ಸಿಟ್ಟಿನ ವೇಷದಲ್ಲಿ ಬರುತ್ತದೆ.

"ಚಾಚಿ, ಅಷ್ಟ್ಯಾಕ ತಲಿ ಕೆಡಿಸ್ಕೋತೀರಿ? ನಿಮ್ಮ ಮನ್ಯಾಗ ನೋಡ್ರಿ. ರಾಜೇಸಾಬ ಕುಂತ ಉಣತಾರ, ನೀವು ದುಡೀತೀರಿ. ಅವರು ಪ್ಯಾಸಿವ್, ನೀವು ಆಕ್ಟಿವ್. ಬರಕೋರಿ!"

ವರ್ಗ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಮೈಮುನಾ ಕೂತು ವಹಿ ತೆರೆದು ಏನೋ ಬರೆದುಕೊಂಡರು. ತಲೆಯ ಮೇಲಿನ ಸೆರಗನ್ನು ಮುಂದಕ್ಕೆ ಎಳೆದುಕೊಂಡಿದ್ದರಿಂದ ಮುಖ ಕಾಣಲಿಲ್ಲ. ಕೈ ನಡುಗುವ ಒಬ್ಬ ಮನುಷ್ಯನನ್ನು, ಅವನ ಹೆಂಡತಿಯ ಮುಂದೆ, ಮೀಸೆ ಬಾರದ ಹುಡುಗರ ನಗೆಗೆ ಹಾಕಿದ್ದೆ. ಇದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತವೆ. ಆವತ್ತು ಏನೂ ಆಗಲಿಲ್ಲ. ಪಾಠ ರಂಗೇರಿತು ಅಂತ ಖುಷಿಯಲ್ಲೇ ಮನೆಗೆ ಹೋಗಿದ್ದೆ.

ಪರೀಕ್ಷೆ ನೂರು ಮಾರ್ಕಿಂದು, ಅರವತ್ತಕ್ಕೆ ಪಾಸು. ಬರೆಯುವ ಭಾಗದಲ್ಲಿ ಮೈಮುನಾ ಸೋತರು. ಅವರ ಅಕ್ಷರ ನಿಧಾನ, ಅರ್ಧದಷ್ಟು ಪ್ರಶ್ನೆಗಳಿಗೆ ಹೊತ್ತೇ ಸಾಲಲಿಲ್ಲ. ಬೆಸುಗೆಯಲ್ಲಿ ಪೂರ್ತಿ ಮಾರ್ಕು ತೆಗೆದರು. ಕೊನೆಯದು ತಟ್ಟೆಯ ಪರೀಕ್ಷೆ. ಒಂದು ಸ್ಟೀಲ್ ತಟ್ಟೆಯಲ್ಲಿ ಹತ್ತು ಬಿಡಿ ಭಾಗ ಇಟ್ಟಿರುತ್ತೇನೆ, ಎರಡು ಡಬ್ಬಿಗೆ ಬೇರೆ ಮಾಡಿ ಹಾಕಬೇಕು. ಒಂದೊಂದಕ್ಕೆ ಎರಡು ಮಾರ್ಕು. ಮೈಮುನಾ ಒಂಬತ್ತನ್ನು ಸರಸರನೆ ಹಾಕಿದರು, ಎಲ್ಲವೂ ಸರಿ. ಕಂಡೆನ್ಸರನ್ನು ಕೂಡ, ನನ್ನ ಮುಖ ನೋಡದೆ, ಪ್ಯಾಸಿವ್ ಡಬ್ಬಿಗೆ ಹಾಕಿದರು. ಕೊನೆಗೆ ಉಳಿದದ್ದು ಒಂದು ಡಯೋಡು, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಸಣ್ಣ ಭಾಗ. ಅದನ್ನು ಎರಡು ಬೆರಳಲ್ಲಿ ಹಿಡಿದು ಬಹಳ ಹೊತ್ತು ನೋಡಿ, ತಟ್ಟೆಯ ನಟ್ಟನಡುವೆ ಇಟ್ಟರು.

"ಇದ್ಯಾಕ ಇಲ್ಲೇ ಉಳೀತು?" ಅಂತ ಕೇಳಿದೆ.

"ಇದು ಫುಟ್‌ವಾಲ್ ಇದ್ದಂಗ ಐತ್ರಿ ಸರ್. ಹೊಳಿಯಾಗ ಪೈಪಿನ ತುದಿಗಿ ಇರತೈತಲ್ರಿ, ನೀರು ಮ್ಯಾಲ ಬಿಡತೈತಿ, ತಿರುಗಿ ಕೆಳಗ ಬಿಡಂಗಿಲ್ಲ. ನೀರು ಎತ್ತೂದು ಪಂಪು, ಫುಟ್‌ವಾಲ್ ಅಲ್ಲ. ಹಂಗಂತ ಅದು ಬರೇ ಪೈಪೂ ಅಲ್ರಿ, ಬಿಡೂದೋ ಬ್ಯಾಡೋ ನೋಡತೈತಿ. ಅದಕ್ಕ ಈ ಕಡೆನೂ..."

"ಎರಡ ಡಬ್ಬಿ ಅದಾವ್ರಿ ಚಾಚಿ, ಮೂರನೇದು ಇಲ್ಲ" ಅಂದು ಮಾತು ತುಂಡು ಮಾಡಿದೆ. ನನ್ನ ಗೈಡಿನಲ್ಲಿ ಡಯೋಡು ಆಕ್ಟಿವ್ ಅಂತಿತ್ತು. ಸೊನ್ನೆ ಹಾಕಿದೆ. ಮೈಮುನಾ ಅವರ ಒಟ್ಟು ಮಾರ್ಕು ಐವತ್ತೊಂಬತ್ತು.

ಫಲಿತಾಂಶದ ಪಟ್ಟಿ, ನಮ್ಮ ಕಡೆಯ ನಿಕಾಲು, ಹಚ್ಚಿದ ಎರಡನೇ ದಿನ ಲೈಬ್ರರಿಯ ಬೀರುವಿನಲ್ಲಿ ಬೇರೆ ಏನೋ ಹುಡುಕುತ್ತಿದ್ದೆ. ಹಳೆಯದೊಂದು ದಪ್ಪ ಪುಸ್ತಕ ಕೈಗೆ ಬಂತು. ಡಯೋಡು ಸಿಗ್ನಲ್ಲನ್ನು ದೊಡ್ಡದು ಮಾಡುವುದಿಲ್ಲ, ಆದ್ದರಿಂದ ಅದು ಪ್ಯಾಸಿವ್ ಅಂತ ಅದರಲ್ಲಿ ಬರೆದಿತ್ತು. ಇನ್ನೊಂದು ಪುಸ್ತಕ ತೆಗೆದೆ. ಇದರ ಬಗ್ಗೆ ಎಲ್ಲರೂ ಒಂದೇ ಮಾತು ಹೇಳುವುದಿಲ್ಲ, ಕೆಲವರು ಆ ಕಡೆ ಇಡುತ್ತಾರೆ, ಕೆಲವರು ಈ ಕಡೆ ಇಡುತ್ತಾರೆ, ನಾವು ಗೆರೆಯನ್ನು ಎಲ್ಲಿ ಎಳೆಯುತ್ತೇವೆ ಅನ್ನುವುದರ ಮೇಲೆ ಹೋಗುತ್ತದೆ ಅಂತ ಅಲ್ಲಿ ಸ್ಪಷ್ಟವಾಗಿ ಇತ್ತು. ಮೂರನೇ ಡಬ್ಬಿ ಇತ್ತು ಅಂದ ಹಾಗಾಯಿತು. ತೆಲಸಂಗದ ಗಾದಿ ಹೊಲಿಯುವವರ ಮಗಳು ಹೊಳೆಯ ಪೈಪು ನೋಡಿ ಕಂಡುಕೊಂಡದ್ದನ್ನು ನಾನು ಹತ್ತು ವರ್ಷ ಕಲಿಸಿಯೂ ಕಂಡಿರಲಿಲ್ಲ. ಎರಡು ಮಾರ್ಕು ಬೇಡ, ಅರ್ಧ ಉತ್ತರ ಅಂತ ಒಂದು ಮಾರ್ಕು ಕೊಟ್ಟರೂ ಅವರು ಪಾಸು.

ತಿದ್ದಲು ಹತ್ತು ದಿನ ಅವಕಾಶ ಇತ್ತು. ಪ್ರಿನ್ಸಿಪಾಲರ ಮುಂದೆ ಹೋಗಿ ಒಂದು ಚೀಟಿ ಬರೆದುಕೊಟ್ಟರೆ ಆಗುತ್ತಿತ್ತು. ನಾನು ಹೋಗಲಿಲ್ಲ. ಇಪ್ಪತ್ತೆರಡು ಹುಡುಗರಿಗೆ ತಿಳಿಯುತ್ತದೆ, ಮಾಸ್ತರ ತಪ್ಪಿದ, ಚಾಚಿ ಗೆದ್ದಳು ಅಂತ ಊರೆಲ್ಲ ಆಡಿಕೊಳ್ಳುತ್ತಾರೆ ಅಂತ ಹೆದರಿದೆ. ಅವರೇ ಬಂದು ತಕರಾರು ಮಾಡಿದರೆ ಕೊಟ್ಟುಬಿಡುತ್ತೇನೆ ಅಂತ ನನಗೆ ನಾನೇ ಒಂದು ಪುಕ್ಕಟೆ ಸಮಾಧಾನ ಹೇಳಿಕೊಂಡೆ.

ಏಳನೇ ದಿನ ಅವರು ಬಂದರು. ತಕರಾರಿಗಲ್ಲ, ಮಾರ್ಕಿನ ಕಾಗದ ಒಯ್ಯಲು. ನನ್ನ ಟೇಬಲ್ಲಿನ ಹತ್ತಿರ ಬಂದು ನಿಂತರು.

"ಸರ್, ಎಲ್ಲಿ ತಪ್ಪೇನಿ ಒಂದಿಷ್ಟ ಹೇಳಿದ್ರ ತಿದ್ದಕೋತೇನ್ರಿ."

ಆ ಎರಡೂ ಪುಸ್ತಕ ಅದೇ ಟೇಬಲ್ಲಿನ ಖಾನೆಯೊಳಗೆ ಇದ್ದವು. "ಡಯೋಡ್ ಆಕ್ಟಿವ್ ಐತ್ರಿ. ಬರಕೋರಿ" ಅಂದೆ. ಅವರು ನಿಂತೇ, ಮಾರ್ಕಿನ ಕಾಗದದ ಹಿಂದೆ, ಅದನ್ನು ಬರೆದುಕೊಂಡರು. "ಉಪಕಾರ ಆತ್ರಿ ಸರ್" ಅಂದು ಹೋದರು. ವರ್ಗದಲ್ಲಿ ಆಡಿದ್ದು ಹುಂಬತನ, ತಟ್ಟೆಯ ಮುಂದೆ ಮಾಡಿದ್ದು ಅಜ್ಞಾನ. ಇದಕ್ಕೆ ಮಾತ್ರ ಬೇರೆ ಹೆಸರಿಲ್ಲ, ಇದು ನೀಚತನ. ಲ್ಯಾಬಿನ ಜಾಗ ಡಿಪ್ಲೊಮಾ ಮಾಡಿದ ಅಮೋಘಸಿದ್ದ ಎಂಬುವನಿಗೆ ಹೋಯಿತು. ಪಾಪ, ಒಳ್ಳೆಯ ಹುಡುಗ. ಅವನಿಗೇನೂ ಗೊತ್ತಿಲ್ಲ.

ಎಂಟು ತಿಂಗಳು ಕಳೆದವು. ನಮ್ಮ ಸಂಸ್ಥೆಯ ಗ್ಯಾದರಿಂಗಿಗೆ, ಅಂದರೆ ವಾರ್ಷಿಕೋತ್ಸವಕ್ಕೆ, ಎರಡು ದಿನ ಇದೆ ಅನ್ನುವಾಗ ಆಂಪ್ಲಿಫೈಯರು ಕೆಟ್ಟಿತು. ಮಾತು ಸಣ್ಣದಾಗಿ, ಅದರ ಮೇಲೆ ಗುಂಯ್ ಅನ್ನುವ ಸದ್ದು ದೊಡ್ಡದಾಗಿ ಬರುತ್ತಿತ್ತು. ನಾನೂ ಅಮೋಘಸಿದ್ದನೂ ಐಸಿ ಬದಲಿಸಿದೆವು. ಗುಂಯ್. ಇನ್ನೊಂದು ತರಿಸಿ ಹಾಕಿದೆವು. ಗುಂಯ್. ಪ್ರಿನ್ಸಿಪಾಲರು ಬಾಗಿಲಲ್ಲಿ ನಿಂತು ನೋಡಿ, "ಕುಡಚ್ಯಾಗ ಆ ಮೈಮುನಾಬಾಯಿ ಅದಾರಲ್ಲ, ಅವರ ಕಡೆ ಒಯ್ರಿ, ವೃಷಭ" ಅಂದರು. ಒಲ್ಲೆ ಅನ್ನಲು ಕಾರಣ ಹೇಳಬೇಕಿತ್ತು. ಹೇಳುವ ಧೈರ್ಯ ಇರಲಿಲ್ಲ. ಡಬ್ಬಿಯನ್ನು ಮೋಟರ್ ಸೈಕಲ್ಲಿಗೆ ಕಟ್ಟಿಕೊಂಡು ಹೊರಟೆ.

ರಾಜೇಸಾಬ ಅಂಗಡಿಯ ಮುಂದಿನ ಬಾಕಿನ ಮೇಲೆ ಕೂತಿದ್ದರು, ನಡುಗುವ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು. ನಾನು ಹೆಸರು ಹೇಳಿದ್ದೇ ತಡ ಎದ್ದು ನಿಂತರು.

"ಬರ್ರಿ ಬರ್ರಿ ಸರ್! ನಮ್ಮಾಕಿ ನಿಮ್ಮ ಬಗ್ಗೆ ಭಾಳ ಚಲೋ ಹೇಳತಾಳ್ರಿ. ತಿಳಿಲಾರದ್ದ ಕೇಳಿದ್ರ ಬ್ಯಾಸರ ಮಾಡ್ಕೊಳ್ಳಾರದ ಹೇಳತಾರಂತ."

ಹಾಗಾದರೆ ವರ್ಗದ ಆ ಮಾತನ್ನು ಮೈಮುನಾ ಮನೆಯಲ್ಲಿ ಹೇಳಿಲ್ಲ. ಗಂಡನ ಮಾನ ಕಾಯಲು ನನ್ನ ಮಾನವನ್ನೂ ಕಾಯ್ದಿದ್ದಾರೆ. ಬಾಕಿನ ಮೇಲೆ ಅವರ ಪಕ್ಕ ಕೂಡಲು ನನ್ನಿಂದಾಗಲಿಲ್ಲ. ಒಳಗೆ ಹೋದೆ.

ಮಿಕ್ಸರಿಗೆ ಬೆಸುಗೆ ಹಾಕುತ್ತಿದ್ದ ಮೈಮುನಾ ಕಡ್ಡಿ ಹಿಡಿದೇ ಸ್ಟೂಲು ಸರಿಸಿಕೊಟ್ಟರು. ನಾನು ಬಾಯಿ ತೆಗೆಯುವ ಮೊದಲೇ ನಗುತ್ತ ಹೇಳಿದರು: "ಸರ್, ನಾ ಅವತ್ತ ಕೇಳಿದ್ದಕ್ಕ ಉತ್ತರ ಸಿಕ್ತ್ರಿ. ಕಂಡೆನ್ಸರ್ ಅಂದ್ರ ನೀರಿನ ಟಾಕಿ. ತುಂಬಿಸಿದಷ್ಟ ಕೊಡತೈತಿ, ಒಂದ ಕೊಡ ಹೆಚ್ಚಿಗಿ ಕೊಡಂಗಿಲ್ಲ. ಟ್ರಾನ್ಸಿಸ್ಟರ್ ಅಂದ್ರ ವಾಲ್ ತಿರುವೂ ಮನಷ್ಯಾ ಇದ್ದಂಗ. ಒಂದ ಕೈಲೆ ಇಷ್ಟ ತಿರುವಿದ್ರ ಊರಿಗೆಲ್ಲ ನೀರು ಹೊಕ್ಕೈತಿ. ನೀರು ಅವನ ಮನೀದಲ್ರಿ, ಹಿಂದ ತುಂಬಿದ ಟಾಕೀದು. ಆದ್ರ ಸಣ್ಣ ಕೈ ಮಾತು ದೊಡ್ಡ ನೀರು ಕೇಳತೈತಿ. ಸಣ್ಣ ಧ್ವನಿ ಮೈಕಿನ್ಯಾಗ ದೊಡ್ಡದಾಗೂದು ಹಂಗ. ಹೌದಲ್ರಿ?"

ಹೌದು. ಗೈಡಿನಲ್ಲಿ ನಾನು ಬಿಟ್ಟ ಆ ಎರಡು ಸಾಲಿನ ಅರ್ಥ ಇದೇ. ತಲೆಯಾಡಿಸಿದೆ. ಆಮೇಲೆ ಡಬ್ಬಿ ಮುಂದಿಟ್ಟೆ.

ಅವರ ಮುಖ ಬದಲಾಯಿತು. "ಇದನ್ನ ತಗೊಳ್ಳಂಗಿಲ್ರಿ ಸರ್. ಮಿಕ್ಸರ್, ಫ್ಯಾನು, ಸ್ಟಾರ್ಟರ್ ಅಷ್ಟ ಮಾಡತೇನಿ ಈಗ."

"ಯಾಕ್ರಿ?"

"ನಾಪಾಸ ಆದಾಕಿ ನಾ. ಡಯೋಡ್ ಯಾವ ಕಡೆ ಇಡೂದು ಅನ್ನೂದು ತಿಳೀಲಿಲ್ಲ. ತಿಳೀಲಾರದ ಮಂದಿ ಸಾಮಾನು ಕೆಡಸಬಾರದ್ರಿ. ಜುಗೂಳ ಮಸೂತಿಯವರು ಆಂಪ್ಲಿಫೈಯರ್ ತಂದಿದ್ರು. ನನಗ ಪೂರಾ ಬರಂಗಿಲ್ಲ, ಮಿರಜಿಗಿ ಒಯ್ರಿ ಅಂತ ನಾನ ಹೇಳಿ ಕಳಿಸಿದೆ. ಭಜನಿ ಮಂದಿಗೂ ಹಂಗ ಹೇಳೇನಿ."

ಇಷ್ಟು ದಿನ ನನ್ನ ತಪ್ಪು ಒಂದು ನೌಕರಿ ಕಿತ್ತುಕೊಂಡಿದೆ ಅಂತಷ್ಟೇ ಅಂದುಕೊಂಡಿದ್ದೆ. ಹತ್ತು ವರ್ಷ ಈ ಆರು ಅಡಿ ಜಾಗದಲ್ಲಿ ಬಗ್ಗಿ ಕೂತು ಗಳಿಸಿದ ವಿದ್ಯೆಯ ಮೇಲೆಯೇ ಅವರು ನಂಬಿಕೆ ಕಳೆದುಕೊಂಡಿದ್ದರು. ಅದೂ ನನ್ನ ಮಾತಿನ ಮೇಲಿನ ನಂಬಿಕೆಯಿಂದ.

"ನಿಮ್ಮ ಉತ್ತರ ಸರಿ ಇತ್ತು" ಅಂದೆ.

ಅವರಿಗೆ ತಿಳಿಯಲಿಲ್ಲ. ಪುಸ್ತಕಗಳ ಸಂಗತಿ ಹೇಳಿದೆ. ಕೆಲವರು ಆ ಕಡೆ ಇಡುತ್ತಾರೆ, ಕೆಲವರು ಈ ಕಡೆ, ನಡುವೆ ಇಟ್ಟು ಕಾರಣ ಹೇಳಿದ ನೀವು ನಮಗಿಂತ ಚೆನ್ನಾಗಿ ತಿಳಿದಿದ್ದೀರಿ ಅಂದೆ. ಒಂದು ಮಾರ್ಕು ಕೊಟ್ಟಿದ್ದರೆ ಪಾಸಾಗುತ್ತಿದ್ದಿರಿ ಅಂತಲೂ ಹೇಳಿದೆ. ಬೆಸುಗೆಯ ಕಡ್ಡಿ ಅವರ ಕೈಯಲ್ಲೇ ಹೊಗೆಯಾಡುತ್ತಿತ್ತು. ಅದನ್ನು ಸ್ಟ್ಯಾಂಡಿಗೆ ಇಟ್ಟು, ಸ್ವಿಚ್ ತೆಗೆದರು.

"ಯಾವಾಗ ಗೊತ್ತಾತ್ರಿ ನಿಮಗ?"

ಇದನ್ನೇ ಕೇಳದಿರಲಿ ಅಂತ ನಾನು ಒಳಗೊಳಗೆ ಬೇಡಿಕೊಳ್ಳುತ್ತಿದ್ದೆ. "ನಿಕಾಲು ಬಂದ ಎರಡನೇ ದಿನ."

"ನಾ ಏಳನೇ ದಿನಕ್ಕ ಬಂದಿದ್ನಲ್ರಿ."

"ಹೌದು."

ಅವರು ಬೈಯಲಿಲ್ಲ. ಬೈದಿದ್ದರೆ ನಾನು ಹಗುರಾಗುತ್ತಿದ್ದೆ. ಹೊರಗೆ ಕೂತ ಗಂಡನ ಕಡೆ ಒಮ್ಮೆ ನೋಡಿದರು. ಗಿರಾಕಿಗಳ ಹೆಸರು ಬರೆಯುವ ವಹಿಯಿಂದ ಒಂದು ಹಾಳೆ ಹರಿದು, ಪೆನ್ನು ಸಮೇತ ನನ್ನ ಮುಂದೆ ಇಟ್ಟರು. ಅವರ ಧ್ವನಿಯಲ್ಲಿ ಅಷ್ಟು ಹೊತ್ತು ಇದ್ದ ಮೆದುತನ ಹೋಗಿತ್ತು.

"ಬಾಯಿಲೆ ಹೇಳಿದ್ದು ಇಲ್ಲೇ ಉಳೀತೈತ್ರಿ ಸರ್. ಬರದ ಕೊಡ್ರಿ. ಆಮ್ಯಾಲ ನಿಮ್ಮ ಡಬ್ಬಿ ಮುಟ್ಟತೇನಿ. ಜುಗೂಳದವರಿಗೂ ತೋರಸತೇನಿ."

ಬರೆದೆ. ಮೈಮುನಾ ಅವರು ಪರೀಕ್ಷೆಯಲ್ಲಿ ಡಯೋಡಿನ ಬಗ್ಗೆ ಕೊಟ್ಟ ಉತ್ತರ ಸರಿಯಾಗಿತ್ತು, ಮಾರ್ಕು ಹಾಕುವಾಗ ಕಣ್ತಪ್ಪಿನಿಂದ ಸೊನ್ನೆ ಬಿದ್ದಿದೆ, ಅವರು ಪಾಸಾಗಬೇಕಿತ್ತು. ಸಹಿ ಮಾಡಿ, ತಾರೀಖು ಹಾಕಿ ಕೊಟ್ಟೆ. ಕೊಡುವಾಗ ಒಂದು ಕೆಲಸ ಮುಗಿಯಿತು ಅನ್ನಿಸಿತು.

ಮೈಮುನಾ ಹಾಳೆಯನ್ನು ಬೆಳಕಿಗೆ ಹಿಡಿದು, ಅಕ್ಷರದ ಕೆಳಗೆ ಬೆರಳು ಇಟ್ಟು, ನಿಧಾನವಾಗಿ ಕೊನೆಯವರೆಗೆ ಓದಿದರು. ತಿರುವಿ ಹಿಂದೆ ಏನಾದರೂ ಇದೆಯೇ ಅಂತಲೂ ನೋಡಿದರು.

"ಗೊತ್ತಾದ ಮ್ಯಾಲೂ ಸುಮ್ಮನ ಕುಂತ್ರಿ ಅನ್ನೂದು ಎಲ್ಲೈತ್ರಿ ಸರ್?"

ತಪ್ಪು ಒಪ್ಪಿಕೊಳ್ಳಲು ಕೂತವನು ತಪ್ಪೊಪ್ಪಿಗೆಯಲ್ಲೇ ಕಳ್ಳತನ ಮಾಡಿದ್ದೆ. ಹಾಳೆ ವಾಪಸು ತೆಗೆದುಕೊಂಡು ಕಣ್ತಪ್ಪು ಎಂಬುದನ್ನು ಹೊಡೆದು ಹಾಕಿದೆ. ಕೆಳಗೆ ಬರೆದೆ: ಈ ತಪ್ಪು ನನಗೆ ಎರಡನೇ ದಿನವೇ ಗೊತ್ತಾಗಿತ್ತು, ತಿದ್ದಲಿಲ್ಲ, ಅವರು ಬಂದು ಕೇಳಿದಾಗಲೂ ಸುಳ್ಳು ಹೇಳಿದೆ.

ಅಷ್ಟರಲ್ಲಿ ಏನು ನಡೆದಿದೆ ಅಂತ ರಾಜೇಸಾಬ ಬಾಗಿಲಿಗೆ ಬಂದಿದ್ದರು. ಅವರ ಹಿಂದೆ ಸ್ಟಾರ್ಟರ್ ಹಿಡಿದ ಇಬ್ಬರು ಗಿರಾಕಿಗಳು ನಿಂತಿದ್ದರು. ಮೈಮುನಾ ಹಾಳೆಯನ್ನು ನನ್ನ ಕೈಯಲ್ಲೇ ಬಿಟ್ಟು, "ಅವರಿಗಿ ಓದಿ ಹೇಳ್ರಿ" ಅಂದರು. ಓದಿದೆ. ಕೊನೆಯ ಸಾಲಿಗೆ ಬಂದಾಗ ಧ್ವನಿ ಹೊರಡಲಿಲ್ಲ, ತುಟಿಯಷ್ಟೇ ಆಡಿತು.

"ಕೇಳಸಲಿಲ್ರಿ ಸರ್" ಅಂದರು ರಾಜೇಸಾಬ. "ಇನ್ನೊಮ್ಮೆ ಓದ್ರಿ."

ಇನ್ನೊಮ್ಮೆ ಓದಿದೆ, ಎಲ್ಲರಿಗೂ ಕೇಳುವಂತೆ. ಈ ಸಲ ಮೈಮುನಾ ನಮ್ಮ ಆಂಪ್ಲಿಫೈಯರಿನ ಸ್ಕ್ರೂ ಬಿಚ್ಚುತ್ತ ಕೇಳಿಸಿಕೊಂಡರು.